ಮನೆಯ ಹೆಪ್ಪು

ಸರ್ಕಾರಿ ಕಾಗದಗಳಲ್ಲಿ ಅದರ ಹೆಸರು ‘ಸ್ಮೃತಿಕೋಶ ವರ್ಗಾವಣೆ’. ಆ ಹೆಸರನ್ನು ಬಾಯಿತುಂಬ ಹೇಳುವವರನ್ನು ಉದ್ಘಾಟನೆಯ ದಿನ ಬಿಟ್ಟರೆ ನಾನು ಮತ್ತೆ ನೋಡಲಿಲ್ಲ. ಹುಬ್ಬಳ್ಳಿಯ ಜನ ಮೊದಲ ವಾರದಲ್ಲೇ ಅದನ್ನು ‘ಹೆಪ್ಪು’ ಎಂದು ಕರೆದುಬಿಟ್ಟರು. ನಮ್ಮ ಚಿಕಿತ್ಸಾ ಕೇಂದ್ರದ ಮೇಲಿನ ಮಹಡಿ ಹೆಪ್ಪಿನ ಕೋಣೆಯಾಯಿತು. ಅಲ್ಲಿ ಕೆಲಸ ಮಾಡುವ ನಾನು, ಹಿರಿಯೂರು ಕಡೆಯ ವಾರಿಜಾ, ಇಷ್ಟೆಲ್ಲ ಓದಿಯೂ ಹೆಪ್ಪಿನ ಡಾಕ್ಟರ್ ಆದೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಯೋಚಿಸಿ ನೋಡಿದರೆ, ಇದಕ್ಕಿಂತ ಸರಿಯಾದ ಹೆಸರು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಮೊಸರು ಕೆಟ್ಟ ಮನೆಯವರು ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುತ್ತಾರೆ. ತಂದ ಒಂದು ಚಮಚವನ್ನು ಉಗುರುಬೆಚ್ಚಗಿನ ಹಾಲಿಗೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಪಾತ್ರೆ ತುಂಬ ಗಟ್ಟಿ ಮೊಸರು. ಕೊಟ್ಟವರಿಗೆ ನಷ್ಟವಿಲ್ಲ, ತಂದವರಿಗೆ ತುಂಬಿದ ಪಾತ್ರೆ. ಒಬ್ಬರ ಮೈ ಕಷ್ಟಪಟ್ಟು ಕಲಿತದ್ದನ್ನು ಇನ್ನೊಬ್ಬರ ಮೈಗೆ ಹೀಗೆ ಒಂದು ಚಮಚ ಕೊಡಬಹುದಾದರೆ ಏನಾದೀತು? ಈ ಒಂದು ಪ್ರಶ್ನೆಯ ಬೆನ್ನು ಹತ್ತಿದವರ ಕೆಲಸವೇ ನಮ್ಮ ಕೋಣೆ.

ಮೈ ಕಲಿಯುವುದೆಂದರೆ ಏನೆಂದು ಸ್ವಲ್ಪ ಹೇಳಬೇಕು. ಚರ್ಮ ಮೊದಲ ಗೋಡೆ. ಅದನ್ನು ದಾಟಿ ಒಳಬಂದ ರೋಗಾಣುವನ್ನು ಎದುರಿಸಲು ಕೆಲವು ಬಿಳಿ ರಕ್ತಕಣಗಳು ಸದಾ ಗಸ್ತು ತಿರುಗುತ್ತಿರುತ್ತವೆ. ಅವಕ್ಕೆ ಬಂದವರ ಹೆಸರು, ಊರು ಬೇಕಿಲ್ಲ. ಹೊರಗಿನವರೆಂದು ಗೊತ್ತಾದರೆ ನುಂಗುತ್ತವೆ. ಅವುಗಳ ಕೈಮೀರಿದಾಗ ಎರಡನೆಯ ದಂಡು ಏಳುತ್ತದೆ. ಅದು ನಿಧಾನಿ. ಬಂದ ರೋಗಾಣುವಿನ ಚಹರೆ ನೋಡಿ, ಅದಕ್ಕೆಂದೇ ಹೊಂದುವ ಕೋಶಗಳನ್ನು ಹುಡುಕಿ, ಅವನ್ನು ಲಕ್ಷಗಟ್ಟಲೆ ಬೆಳೆಸಿಕೊಂಡು ಯುದ್ಧಕ್ಕೆ ನಿಲ್ಲುವಷ್ಟರಲ್ಲಿ ವಾರವೋ ಹತ್ತು ದಿನವೋ ಕಳೆದಿರುತ್ತದೆ. ಗೆದ್ದ ಮೇಲೆ ದಂಡು ಚದುರಿ ಸಾಯುತ್ತದೆ, ಕೆಲವೇ ಕೋಶಗಳು ಉಳಿಯುತ್ತವೆ. ಅವು ನೆನಪಿನ ಕೋಶಗಳು. ಅದೇ ರೋಗಾಣು ಮತ್ತೆ ಬಂದರೆ ಇವು ಬಾಗಿಲಲ್ಲೇ ಗುರುತು ಹಿಡಿದು ಹೊಡೆಯುತ್ತವೆ. ರೋಗ ಬಂದದ್ದೇ ನಮಗೆ ಗೊತ್ತಾಗುವುದಿಲ್ಲ.

ಇವನ್ನು ಒಬ್ಬರಿಂದ ತೆಗೆದು, ನಮ್ಮ ಬೆಚ್ಚನೆಯ ಪೆಟ್ಟಿಗೆಯಲ್ಲಿ ಬೆಳೆಸಿ, ಇನ್ನೊಬ್ಬರಿಗೆ ಹಾಕುವುದು ಹೆಪ್ಪು. ಕೇಳಲು ಸುಲಭ. ತೊಡಕಿರುವುದು ಬೇರೆ ಕಡೆ. ಪ್ರತಿ ಕೋಶದ ಮೇಲೂ ಅದು ಯಾರ ಮೈಯದೆಂಬ ಗುರುತು ಇರುತ್ತದೆ. ಕಾವಲಿನ ಕೋಶಗಳು ಚಿಕ್ಕಂದಿನಲ್ಲೇ ಎದೆಯ ಮೂಳೆಯ ಹಿಂದಿರುವ ಒಂದು ಗ್ರಂಥಿಯಲ್ಲಿ ಈ ಗುರುತಿನ ಪಾಠ ಕಲಿಯುತ್ತವೆ: ಇದು ಸ್ವಂತದ್ದು, ಇದು ಬೇರೆಯವರದ್ದು. ಪಾಠ ತಪ್ಪಿದವುಗಳನ್ನು ಮೈ ಅಲ್ಲೇ ಕೊಂದುಹಾಕುತ್ತದೆ. ಹಾಗಾಗಿ ಗುರುತು ಹೊಂದದವರ ಹೆಪ್ಪು ಹಾಕಿದರೆ ಒಂದೋ ಮೈ ಹೆಪ್ಪನ್ನು ಕೊಲ್ಲುತ್ತದೆ, ಇಲ್ಲವೇ ಹೆಪ್ಪೇ ಮೈಯನ್ನು ತಿನ್ನುತ್ತದೆ. ಗುರುತು ಹೊಂದುವವರು ಸಿಗುವುದು ಅಪರೂಪ.

ಮಬ್ಬು ಜ್ವರ ಮೊದಲ ಸಲ ಬಂದಾಗ ನಾನು ಹುಬ್ಬಳ್ಳಿಗೆ ಹೊಸಬಳು. ಆ ಜ್ವರದಲ್ಲಿ ಮೊದಲು ಕಣ್ಣು ಮಬ್ಬಾಗುತ್ತಿತ್ತು, ಆಮೇಲೆ ಮಾತು, ಆಮೇಲೆ ಎಚ್ಚರ. ಮೈ ಹೊಸದಾಗಿ ಕಲಿತು ದಂಡು ಕಟ್ಟುವಷ್ಟು ಪುರುಸೊತ್ತನ್ನು ಅದು ಕೊಡುತ್ತಿರಲಿಲ್ಲ. ಲಸಿಕೆ ಮಾಡಲು ಹೊರಟರೆ ಅಷ್ಟರಲ್ಲಿ ವೇಷ ಬದಲಿಸಿರುತ್ತಿತ್ತು. ಆದರೂ ಬದುಕಿ ಉಳಿದ ಕೆಲವರ ಮೈ ಅದರ ವೇಷವನ್ನಲ್ಲ, ನಡಿಗೆಯನ್ನೇ ಗುರುತಿಟ್ಟುಕೊಂಡಿತ್ತು. ಅಂಥವರಲ್ಲಿ ಒಬ್ಬಳು ಉಣಕಲ್‌ನ ನೀಲಾಂಬಿಕೆ. ಆಗ ಐದು ವರ್ಷದವಳು, ಮುಂದಿನ ಹಲ್ಲು ಬಿದ್ದಿತ್ತು. ಅವಳ ರಕ್ತದ ಒಂದು ಹನಿಯನ್ನು ನೆನಪು ಓದುವ ಯಂತ್ರಕ್ಕೆ ಹಾಕಿದಾಗ ಪರದೆಯ ಮೇಲೆ ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಬೆಳಕು ಮೂಡಿತ್ತು. ಒಂದೊಂದು ಚುಕ್ಕಿಯೂ ಮೈ ನೆನಪಿಟ್ಟ ಒಂದೊಂದು ರೋಗ. ಮಬ್ಬು ಜ್ವರದ ಚುಕ್ಕಿ ಎಲ್ಲಕ್ಕಿಂತ ಪ್ರಖರವಾಗಿತ್ತು.

ಅದೇ ಹೊತ್ತಿಗೆ ಅವಳ ಸೋದರತ್ತೆ ಕಸ್ತೂರಿ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದರು. ಆ ಔಷಧಿಗಳು ಮೈಯ ಕಾವಲನ್ನೆಲ್ಲ ಗುಡಿಸಿಹಾಕಿದ್ದವು. ಬಾಗಿಲೇ ಇಲ್ಲದ ಮನೆಗೆ ಜ್ವರ ನುಗ್ಗಿತು. ನೀಲಾಳ ತಂದೆ ಮಹಾಂತೇಶ ಕಸ್ತೂರಿಯ ತಮ್ಮ. ತಾಯಿ ಶಶಿಕಲಾ ಅವನ ಸೋದರಮಾವನ ಮಗಳು. ಸೋದರಿಕೆಯಲ್ಲಿ ಮದುವೆಯಾದ ಮನೆಗಳಲ್ಲಿ ಗುರುತುಗಳು ಸುತ್ತಿ ಬಳಸಿ ಅಲ್ಲಲ್ಲೇ ಇರುತ್ತವೆ. ಪರೀಕ್ಷಿಸಿದರೆ ಅತ್ತೆಯ ಗುರುತಿಗೂ ಸೊಸೆಯ ಗುರುತಿಗೂ ಕೂದಲೆಳೆಯ ವ್ಯತ್ಯಾಸ. ನೀಲಾಳ ಹೆಪ್ಪು ಹಾಕಿದೆವು, ಕಸ್ತೂರಿ ಎದ್ದು ಕೂತರು. ತೆಗೆದದ್ದನ್ನೆಲ್ಲ ಆಗಲೇ ಬಳಸಿದೆವು. ಮುಂದಕ್ಕೆಂದು ಒಂದಿಷ್ಟು ಎತ್ತಿಡುವ ಬುದ್ಧಿ ಆ ಗಡಿಬಿಡಿಯಲ್ಲಿ ಯಾರಿಗಿತ್ತು.

ಕಸ್ತೂರಿ ಹಳೇ ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸುತ್ತಾರೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಮೇಲೆ ಚಾಕುವಿನಿಂದ ಕೊಯ್ಯುವಂಥ ಮೊಸರು. ಮಾತೂ ಹಾಗೇ, ಕೊಯ್ಯುವಂಥದ್ದು. ಯಾರದೋ ಸೀಮಂತದ, ಇಲ್ಲಿಯವರ ಮಾತಿನಲ್ಲಿ ಕುಬಸದ, ದಿನ ಅವರು ಪಂಕ್ತಿಯಲ್ಲಿ ನೀಲಾಳ ತೋಳು ಹಿಡಿದು ನೋಡಿ, ಹುಡುಗಿ ಕಡ್ಡಿಯಾಗಿದ್ದಾಳೆ, ತಾಯಿಯಾದವಳು ಉಣ್ಣಲು ಹಾಕುವುದಿಲ್ಲವೇನು ಎಂದರಂತೆ. ಶಶಿಕಲಾಗೆ ಮೊದಲೇ ಬಂದವರೆದುರು ಅವಮಾನವಾಗಿತ್ತು, ಬಾಯಿ ತಡೆಯಲಿಲ್ಲ.

“ನನ್ನ ಮಗಳ ಹೆಪ್ಪಿನ ಮ್ಯಾಲ ಬದುಕಿದಾಕಿ ನೀ. ನನಗ ಬುದ್ಧಿ ಹೇಳಾಕ ಬರ್ತಿ?”

ಕಸ್ತೂರಿ ಎಲೆಯ ಮುಂದಿನಿಂದ ಎದ್ದು ಹೋದರು. ಅಂದಿನಿಂದ ಆ ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿತು. ಇದೆಲ್ಲ ನನಗೆ ಗೊತ್ತಾದದ್ದು ಕಸ್ತೂರಿ ವರ್ಷಕ್ಕೊಮ್ಮೆ ರಕ್ತ ತೋರಿಸಲು ಬಂದಾಗ. ಪರದೆಯ ಮೇಲಿನ ಚುಕ್ಕಿ ನೋಡಿ, ಇದು ಯಾರದ್ರಿ, ನನ್ನದೋ ಆ ಹುಡುಗಿಯದೋ ಎಂದು ಕೇಳುತ್ತಿದ್ದರು. ಇಷ್ಟು ವರ್ಷವಾದ ಮೇಲೆ ನಿಮ್ಮದೇ ಎಂದು ನಾನು ಹೇಳಿದರೆ ನಂಬದೆ, ಬೇರೆಯವರದೇ ಎನ್ನುತ್ತಿದ್ದರು. ಚುಕ್ಕಿ ವರ್ಷದಿಂದ ವರ್ಷಕ್ಕೆ ಮಂಕಾಗುತ್ತಿತ್ತು.

ಈ ವರ್ಷ ಮಬ್ಬು ಜ್ವರ ಮತ್ತೆ ಬಂತು. ಹದಿಮೂರರ ನೀಲಾಳನ್ನು ತಾಯಿತಂದೆ ಕರೆತಂದಾಗ ಯಾರಿಗೂ ಗಾಬರಿ ಇರಲಿಲ್ಲ. ಒಮ್ಮೆ ಗೆದ್ದ ಹುಡುಗಿ, ಇನ್ನೊಬ್ಬರನ್ನೂ ಬದುಕಿಸಿದವಳು. ರೋಗಿಯ ಹಿಂದಿನ ಕಾಯಿಲೆಗಳನ್ನು ವಿಚಾರಿಸಲು ನಮ್ಮಲ್ಲಿ ಮನುಷ್ಯರಿಲ್ಲ, ಒಂದು ಯಂತ್ರವಿದೆ. ದಕ್ಷಿಣದ ಸ್ಪಷ್ಟ ಕನ್ನಡದಲ್ಲಿ, ಜೇನು ಸುರಿಯುವ ದನಿಯಲ್ಲಿ ಕೇಳುತ್ತದೆ, ಹೇಳಿದ್ದನ್ನು ಬರೆದುಕೊಳ್ಳುತ್ತದೆ, ತಾನೇ ತೀರ್ಮಾನಿಸುತ್ತದೆ. ಅದು ನೀಲಾಳಿಗೆ ರಕ್ಷಣೆ ಇದೆ, ಇದು ಬೇರಾವುದೋ ಸಣ್ಣ ಜ್ವರ ಎಂದು ಸಾಮಾನ್ಯ ವಾರ್ಡಿಗೆ ಕಳಿಸಿತು.

ಮರುದಿನ ಅವಳು ತಾಯಿಯ ಮುಖ ಸರಿಯಾಗಿ ಕಾಣುತ್ತಿಲ್ಲ ಎಂದಳು. ವಾರ್ಡಿನಿಂದ ಕರೆ ಬಂದೊಡನೆ ನಾನು ಒಂದು ಹನಿ ರಕ್ತ ತಂದು ಓದಿಸಿದೆ. ಪರದೆ ಕಪ್ಪಾಗಿಯೇ ಉಳಿಯಿತು. ಯಂತ್ರ ಕೆಟ್ಟಿದೆ ಎಂದುಕೊಂಡು ನನ್ನದೇ ರಕ್ತ ಹಾಕಿದೆ. ನನ್ನ ಚುಕ್ಕಿಗಳೆಲ್ಲ ಬಂದವು. ಮತ್ತೆ ನೀಲಾಳದ್ದು ಹಾಕಿದೆ. ಅಲ್ಲೊಂದು ಇಲ್ಲೊಂದು ಮಿಣುಕು ಬಿಟ್ಟರೆ ಏನೂ ಇಲ್ಲ. ಆ ಮೈ ತಾನು ಕಲಿತದ್ದನ್ನೆಲ್ಲ ಮರೆತು ಕೂತಿತ್ತು.

ಹೀಗೆ ಒರೆಸಿಹಾಕುವ ರೋಗ ನನಗೆ ತಿಳಿದಂತೆ ಒಂದೇ, ದಡಾರ. ಅದರ ವೈರಾಣು ನೆನಪಿನ ಕೋಶಗಳ ಒಳಗೇ ಹೊಕ್ಕು ಕೂರುತ್ತದೆ. ಅದನ್ನು ಕೊಲ್ಲಲು ಹೋದ ಮೈ ತನ್ನ ನೆನಪಿನ ಕೋಶಗಳನ್ನೂ ಕೊಲ್ಲಬೇಕಾಗುತ್ತದೆ. ದಡಾರವೇನೋ ವಾಸಿಯಾಗುತ್ತದೆ, ಹಳೆಯ ಪಾಠಗಳು ಹೋಗುತ್ತವೆ. ಆದರೆ ನೀಲಾಳಿಗೆ ಲಸಿಕೆ ಆಗಿತ್ತು. ಅದು ಹತ್ತದೆ ಹೋಗುವ ಮಕ್ಕಳು ನೂರರಲ್ಲಿ ಕೆಲವರಿರುತ್ತಾರೆ ನಿಜ. ಅದಕ್ಕೇ ವಿಚಾರಿಸುವ ಯಂತ್ರ ಏನು ಕೇಳಿತ್ತೆಂದು ತೆಗೆದು ನೋಡಿದೆ. ದಡಾರ ಬಂದಿತ್ತೇ ಎಂದು ಕೇಳಿತ್ತು, ಇಲ್ಲ ಎಂಬ ಉತ್ತರ ಬಂದಿತ್ತು. ಅದರ ಕೆಳಗೆ ‘ಎರಡು ತಿಂಗಳ ಹಿಂದೆ ಗೊಬ್ಬರದ ಸಂಪರ್ಕ’ ಎಂದಿತ್ತು. ನಮ್ಮ ಓದುವ ಯಂತ್ರವನ್ನು ಕೇಳೋಣವೆಂದರೆ, ಎಲ್ಲರಿಗೂ ಲಸಿಕೆ ಆಗಿದೆ ತಾನೇ ಎಂದು ದಡಾರದ ಚುಕ್ಕಿಯನ್ನೇ ಅದರಿಂದ ಕೈಬಿಟ್ಟಿದ್ದರು.

ಜ್ವರದ ದಿನಗಳಲ್ಲಿ ನಾನು ಮನೆಗೆ ಹೋಗುತ್ತಿರಲಿಲ್ಲ. ನನ್ನ ಗಂಡ ಶಿವಾನಂದ ಮಧ್ಯಾಹ್ನ ಕೋರ್ಟಿನಿಂದ ಬರುವಾಗ ಬುತ್ತಿ ತರುತ್ತಿದ್ದರು. ಗೇಟಿನ ಹೊರಗೆ ಕಾರಿನಲ್ಲೇ ಕೂತು ಉಣ್ಣುತ್ತಿದ್ದೆವು. ಅವತ್ತು ನನಗೆ ಅನ್ನ ಇಳಿಯಲಿಲ್ಲ. ನೆನಪು ಕಳೆದುಕೊಂಡ ಮೈಯ ವಿಷಯ ಹೇಳಿದೆ. ಉಣಕಲ್‌ನ ಆ ಮನೆಯ ಹುಡುಗಿ ಎಲ್ಲಿ ಹೋಗಿ ಗೊಬ್ಬರ ಮುಟ್ಟಿದಳೋ, ಗೊಬ್ಬರದಲ್ಲಿ ಯಾವ ವಿಷವಿತ್ತೋ ಹುಡುಕಿಸಬೇಕು ಎಂದೆ. ಅವರು ರೊಟ್ಟಿ ಮುರಿಯುತ್ತಿದ್ದವರು ನಕ್ಕರು. ನಕ್ಕು ನಕ್ಕು ಕೆಮ್ಮು ಬಂತು, ನಾನು ನೀರು ಕೊಟ್ಟೆ.

“ಗೊಬ್ಬರ ಮುಟ್ಟೂದಲ್ಲ ಮಾರಾಯ್ತಿ, ಗೊಬ್ಬರ ಏಳೂದು. ಮೈಮ್ಯಾಲ ಸಣ್ಣ ಸಣ್ಣ ಕೆಂಪು ಗುಳ್ಳಿ ಏಳ್ತಾವಲ್ಲ. ನಿಮ್ಮ ಕಡೆ ಅದಕ್ಕ ಏನೋ ಅಂತಾರ... ದಡಾರ.”

ಹೇಳಿ ಮುಗಿಸುವಷ್ಟರಲ್ಲಿ ಅವರ ನಗು ನಿಂತಿತ್ತು. ನಾನು ಬುತ್ತಿಯನ್ನು ಅವರ ತೊಡೆಯ ಮೇಲಿಟ್ಟು ಓಡಿದೆ. ನನಗೆ ಎಂಥ ಸಿಟ್ಟು ಬಂದಿತ್ತೆಂದರೆ, ಆ ಜೇನಿನ ದನಿಯ ಯಂತ್ರ ಕೈಗೆ ಸಿಕ್ಕಿದ್ದರೆ ಮಹಡಿಯಿಂದ ಕೆಳಗೆ ಎಸೆಯುತ್ತಿದ್ದೆ. ಹೋಗಿ ಕೇಳಿದರೆ, ತಾಯಿ ಯಂತ್ರಕ್ಕೆ ಸರಿಯಾಗಿಯೇ ಹೇಳಿದ್ದಳು: ದಡಾರ ಗಿಡಾರ ಗೊತ್ತಿಲ್ಲ, ಗೊಬ್ಬರ ಎದ್ದಿತ್ತು, ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದೆವು, ಇಳಿಯಿತು. ಯಂತ್ರಕ್ಕೆ ಆ ಪದ ಹೊಲದಲ್ಲಿ ಮಾತ್ರ ಗೊತ್ತಿತ್ತು. ಅಂದಿನಿಂದ ಅದು ಬರೆದದ್ದನ್ನು ಅಕ್ಷರ ಬಿಡದೆ ನಾನೇ ಓದಿ ತಿದ್ದುತ್ತೇನೆ. ಈ ವಿಷಯದಲ್ಲಿ ನಾನು ಜಗಳಗಂಟಿ ಎಂದು ಹೆಸರಾಗಿದೆ, ಆಗಲಿ.

ಕೈಯಾರೆ ಪರೀಕ್ಷೆ ಮಾಡಿದಾಗ ನೀಲಾಳ ರಕ್ತದಲ್ಲಿ ದಡಾರದ ನೆನಪು ಹೊಸದಾಗಿ ಹೊಳೆಯುತ್ತಿತ್ತು. ಉಳಿದದ್ದೆಲ್ಲ ಖಾಲಿ. ಅವಳ ಮೈ ಈಗ ಮಬ್ಬು ಜ್ವರವನ್ನು ಮೊದಲ ಸಲ ನೋಡುವ ಹಾಗೆ ನೋಡುತ್ತಿತ್ತು. ಹೊಸದಾಗಿ ಕಲಿಯಲು ವಾರ ಬೇಕು. ಜ್ವರ ಅಷ್ಟು ಕಾಯುವುದಿಲ್ಲ.

ಶಶಿಕಲಾ, ಮಹಾಂತೇಶ ಇಬ್ಬರನ್ನೂ ಕೂರಿಸಿ ಹೇಳಿದೆ. ಬೇರೆಯವರ ಹೆಪ್ಪು ಹೊಂದುವುದಿಲ್ಲ, ನಿಮ್ಮಿಬ್ಬರಿಗೂ ಈ ಜ್ವರ ಬಂದೇ ಇಲ್ಲ, ಹಾಗಾಗಿ ನಿಮ್ಮ ಮೈಯಲ್ಲಿ ಕೊಡಲು ಪಾಠವೇ ಇಲ್ಲ. ನೀಲಾಳ ಸ್ವಂತ ನೆನಪು ಉಳಿದಿರುವುದು ಒಂದೇ ಕಡೆ. ನಾನು ಹೆಸರು ಹೇಳುವ ಮೊದಲೇ ಮಹಾಂತೇಶ ತಲೆ ತಗ್ಗಿಸಿದ. ಅವನು ಬಸ್ ಡಿಪೋದಲ್ಲಿ ಎಲೆಕ್ಟ್ರಿಶಿಯನ್, ಮಾತು ಕಡಿಮೆ. ಅಕ್ಕನ ಕಾಲು ಹಿಡಿಯಲು ತಾನು ಹೋಗುತ್ತೇನೆ ಎಂದ. ಶಶಿಕಲಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಆಮೇಲೆ, ಅಂದವಳು ತಾನು, ಹೋಗಬೇಕಾದವಳೂ ತಾನೇ ಎಂದು ಎದ್ದಳು. ನಾನೂ ಜೊತೆಗೆ ಹೊರಟೆ, ಏಕೆಂದರೆ ಕಸ್ತೂರಿಗೆ ಹೇಳಲೇಬೇಕಾದ ಒಂದು ವಿಷಯವಿತ್ತು.

ಊರಲ್ಲಿ ಜ್ವರವೆಂದು ಅರ್ಧ ಬೀದಿ ಮುಚ್ಚಿತ್ತು. ನಾವು ಖಾನಾವಳಿ ಮುಟ್ಟಿದಾಗ ಕಸ್ತೂರಿ ಆಗಷ್ಟೇ ದೇವರ ಮುಂದೆ ದೀಪ ಹಚ್ಚಿ ಹೊರಗೆ ಬರುತ್ತಿದ್ದರು. ನನ್ನನ್ನು ನೋಡಿ ಬರ್ರಿ ಡಾಕ್ಟರ್ರ ಎಂದರು. ಹಿಂದೆ ನಿಂತಿದ್ದ ಶಶಿಕಲಾಳನ್ನು ನೋಡಿಯೂ ನೋಡದ ಹಾಗೆ ಬೆಂಚು ಎಳೆದರು. ಬೆಂಚಿನ ಮೇಲೆ ಕೂತು ನಾನು ಎಲ್ಲ ವಿವರಿಸಿದೆ. ಗೊಬ್ಬರದ ಕಥೆಗೆ ಅವರು ನಗಲಿಲ್ಲ.

ಹೇಳಲೇಬೇಕಾದದ್ದನ್ನೂ ಹೇಳಿದೆ. ಮೊದಲ ಸಲ ನೀಲಾಳಿಂದ ಒಂದು ಚಮಚ ತೆಗೆದಿದ್ದೆವು, ಅವಳಲ್ಲಿ ಪಾತ್ರೆ ತುಂಬ ಉಳಿದಿತ್ತು. ಈಗ ನಿಮ್ಮಲ್ಲಿ ಇರುವುದೇ ತಳದ ಒಂದಿಷ್ಟು. ಹುಡುಗಿಗೆ ಸಾಕಾಗುವಷ್ಟು ಬೇಗ ಬೆಳೆಸಬೇಕೆಂದರೆ ಹೆಚ್ಚುಕಡಿಮೆ ಎಲ್ಲವನ್ನೂ ಬಳಿದು ತೆಗೆಯಬೇಕು. ನಿಮಗೆ ಉಳಿಯುವುದಿಲ್ಲ. ಊರ ತುಂಬ ಜ್ವರ ಇರುವಾಗ ನೀವು ಬರಿಗೈಯಲ್ಲಿ ನಿಲ್ಲುತ್ತೀರಿ. ಬೇಡ ಎನ್ನುವ ಹಕ್ಕು ನಿಮಗೆ ಪೂರ್ತಿ ಇದೆ, ಯಾರೂ ತಪ್ಪೆನ್ನುವುದಿಲ್ಲ.

ಒಳಗೆ ಒಲೆಯ ಮೇಲೆ ಹಾಲು ಕಾಯುತ್ತಿತ್ತು. ಕಸ್ತೂರಿ ಎದ್ದು ಹೋಗಿ ಉರಿ ಸಣ್ಣ ಮಾಡಿ ಬಂದರು. ಶಶಿಕಲಾ ಅಷ್ಟು ದಾರಿ ಏನೇನು ಮಾತು ಜೋಡಿಸಿಕೊಂಡು ಬಂದಿದ್ದಳೋ ತಿಳಿಯದು. ಬಾಯಿಂದ ಬಂದದ್ದು ಇಷ್ಟೇ.

“ಅಕ್ಕಾ, ಹೆಪ್ಪು ಬೇಕಾಗೇತಿ.”

ಕಸ್ತೂರಿ ಅವಳ ಮುಖವನ್ನು ನೋಡಿದರು.

“ದೀಪ ಹಚ್ಚೇನಿ,” ಎಂದರು.

ನಾನು ದಕ್ಷಿಣದವಳಾದರೂ ಇದು ನನಗೆ ಗೊತ್ತಿತ್ತು. ನಮ್ಮ ಕಡೆಯೂ ಇದೇ ಪದ್ಧತಿ. ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಉಪ್ಪು ಮನೆಯಿಂದ ಹೊರಗೆ ಕೊಡುವುದಿಲ್ಲ. ಹೆಪ್ಪಂತೂ ಕೊಡುವುದೇ ಇಲ್ಲ, ಮನೆಯ ಲಕ್ಷ್ಮಿಯೇ ಬಟ್ಟಲಲ್ಲಿ ಹೊರಟುಹೋಗುತ್ತಾಳೆ ಎಂದು. ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಲಾಗದವರು ಹೇಳುವ ಮಾತು ಅದು. ಶಶಿಕಲಾ ಹೂಂ ಎಂದಳು, ಎರಡು ಕೈಯನ್ನೂ ಜೋಡಿಸಿದಳು, ತಿರುಗಿ ಮೆಟ್ಟಿಲಿಳಿದಳು. ಅವಳ ಬೆನ್ನು ನೋಡಿ ನನಗೆ ದುಃಖ ಒತ್ತಿ ಬಂತು. ಕಸ್ತೂರಿಯ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಜೀವ ಅವರದ್ದು.

“ಎಲ್ಲಿ ಹೊಂಟಿ? ತಡಿ, ಸೀರಿ ಬದಲು ಮಾಡಿ ಬರ್ತೀನಿ.”

ಶಶಿಕಲಾ ನಿಂತಳು. ಕಸ್ತೂರಿ ಒಳಗೆ ಹೋಗುತ್ತಲೇ, ನಮ್ಮ ಕಡೆ ತಿರುಗದೆ ಹೇಳಿದರು.

“ದೀಪ ಹಚ್ಚಿದ ಮ್ಯಾಲ ಹೆಪ್ಪು ಕೊಡಬಾರದು ಅಂತಾರ. ಕೈಗಡ ತಂದಿದ್ದು ತಿರುಗಿ ಒಯ್ದು ಮುಟ್ಟಸಬಾರದು ಅಂತ ಯಾರೂ ಹೇಳಿಲ್ಲ.”

ಹೊರಡುವ ಮುನ್ನ ಕಾದ ಹಾಲನ್ನು ಇಳಿಸಿ ಆರಿಸಿದರು. ಬೆರಳು ಅದ್ದಿ ಬಿಸಿ ನೋಡಿ, ಆ ದಿನದ ಮೊಸರಿನಿಂದ ಒಂದು ಚಮಚ ಬಿಟ್ಟು ಮುಚ್ಚಿದರು. ಖಾನಾವಳಿಯ ಕೀಲಿಯನ್ನು ಶಶಿಕಲಾಳ ಕೈಗೆ ಕೊಟ್ಟು, ನಾಳೆ ಇದನ್ನು ಬಿಸಿಲಿಗೆ ಇಡಬೇಡ, ಹುಳಿಯಾಗುತ್ತದೆ ಎಂದರು. ಕುಬಸದ ಮಾತನ್ನು ಇಬ್ಬರೂ ಎತ್ತಲಿಲ್ಲ.

ಕಸ್ತೂರಿಯ ರಕ್ತವನ್ನು ಯಂತ್ರದಲ್ಲಿ ಹಾಯಿಸಿ ನೆನಪಿನ ಕೋಶಗಳನ್ನು ಸೋಸಿದೆವು. ಹೆದರಿದ್ದಕ್ಕಿಂತ ಕಡಿಮೆ ಇದ್ದವು. ಪೆಟ್ಟಿಗೆಯಲ್ಲಿ ಬೆಳೆಯಲು ಇಟ್ಟ ಮೇಲೆ ನನ್ನನ್ನು ಒಂದು ಸಂಶಯ ಕಾಡತೊಡಗಿತು. ಈ ಕೋಶಗಳ ಮೂಲ ನೀಲಾಳ ಮೈ. ಆದರೆ ಅವು ಬೆಳೆದು, ಪೀಳಿಗೆ ಪೀಳಿಗೆ ಹೆತ್ತು ಬಾಳಿದ್ದು ಕಸ್ತೂರಿಯ ಮೈಯಲ್ಲಿ. ಕೂದಲೆಳೆಯ ಆ ವ್ಯತ್ಯಾಸಕ್ಕೆ ಹೊಂದಿಕೊಂಡು ಅಲ್ಲಿಯವೇ ಆಗಿರಬಹುದು. ಹಾಗಾದರೆ ಈಗ ನೀಲಾಳನ್ನು ಕಂಡು ಬೇರೆಯವಳೆಂದು ತಿಳಿದರೆ? ಅವಳನ್ನು ಕಾಯಬೇಕಾದವು ಅವಳ ಮೈಯನ್ನೇ ತಿನ್ನುತ್ತವೆ. ನಮ್ಮ ಕೋಣೆಯಲ್ಲಿ ಹೆಪ್ಪು ತಂದವರಿಂದ ಕೊಟ್ಟವರಿಗೇ ಮರಳಿದ್ದು ಅಲ್ಲಿಯವರೆಗೆ ಇರಲಿಲ್ಲ. ಕೇಳಲು ಯಾರೂ ಇರಲಿಲ್ಲ.

ಗಾಜಿನ ತಟ್ಟೆಯಲ್ಲಿ ಮೂರು ಗುಳಿ ಮಾಡಿದೆ. ಒಂದರಲ್ಲಿ ಕಸ್ತೂರಿಯ ಚರ್ಮದ ಕೋಶ, ಒಂದರಲ್ಲಿ ನೀಲಾಳದ್ದು, ಮೂರನೆಯದರಲ್ಲಿ ನನ್ನದು. ಮೂರಕ್ಕೂ ಹೆಪ್ಪಿನ ಒಂದೊಂದು ಹನಿ ಬಿಟ್ಟೆ. ಸೂಕ್ಷ್ಮದರ್ಶಕದ ಮುಂದೆ ಕೂತೆ. ನನ್ನ ಗುಳಿಯಲ್ಲಿ ಮೊದಲು ಗದ್ದಲ ಶುರುವಾಯಿತು. ನನ್ನ ಕೋಶಗಳನ್ನು ಅವು ಮುತ್ತಿಕೊಂಡು ತೂತು ಮಾಡಿದವು. ಒಳ್ಳೆಯದು, ಬೇರೆಯವರನ್ನು ಗುರುತಿಸುವುದನ್ನು ಮರೆತಿಲ್ಲ. ಕಸ್ತೂರಿಯ ಗುಳಿ ಶಾಂತ. ನೀಲಾಳ ಗುಳಿಯನ್ನು ನೋಡಲು ನನಗೆ ಧೈರ್ಯ ಸಾಲಲಿಲ್ಲ, ಎದ್ದು ಚಹಾ ಕುಡಿದು ಬಂದೆ.

ಅಲ್ಲಿ ಅವು ನೀಲಾಳ ಕೋಶಗಳ ಹತ್ತಿರ ಬಂದಿದ್ದವು, ತಡವಿದ್ದವು, ಸುಮ್ಮನೆ ಪಕ್ಕಕ್ಕೆ ಸರಿದು ಹೋಗುತ್ತಿದ್ದವು. ತವರಿಗೆ ಬಂದ ಮಗಳು ಅಡುಗೆಮನೆಯ ಡಬ್ಬಿಗಳನ್ನು ಮುಟ್ಟಿ ಮುಟ್ಟಿ ನೋಡುವ ಹಾಗೆ. ನೆನಪು ಹಳೆಯ ಮನೆಯನ್ನು ಬಿಟ್ಟಿರಲಿಲ್ಲ, ಹೊಸ ಮನೆಯನ್ನೂ ಬಿಡಲಿಲ್ಲ. ಎರಡನ್ನೂ ಆ ಕೋಶಗಳು ಸ್ವಂತದ್ದೆಂದೇ ತಿಳಿದುಕೊಂಡಿದ್ದವು. ನಾನು ಪುಸ್ತಕದಲ್ಲಿ ಓದಿದ ಪಾಠಕ್ಕೆ ಇದು ಪೂರ್ತಿ ಒಪ್ಪುವುದಿಲ್ಲ. ಆದರೂ ಅಷ್ಟು ಸಂತೋಷ ನನಗೆ ಆ ಕೋಣೆಯಲ್ಲಿ ಇನ್ನೆಂದೂ ಆಗಿಲ್ಲ.

ಹೆಪ್ಪು ಹಾಕಿದಾಗ ನೀಲಾಳಿಗೆ ಮಾತು ತೊದಲುತ್ತಿತ್ತು. ಮೊದಲ ದಿನ ಜ್ವರ ಇನ್ನೂ ಏರಿತು. ಅದು ದಂಡು ಏಳುವ ಕಾವು ಎಂದು ನಾನು ತಾಯಿತಂದೆಗೆ ಹೇಳಿದೆ. ಹೇಳಿ ಬಂದು ತಟ್ಟೆಯ ಆ ಮೂರು ಗುಳಿಗಳನ್ನು ಮತ್ತೊಮ್ಮೆ ನೋಡಿದೆ. ಆಮೇಲೆ ಇಳಿಯಲು ಶುರುವಾಯಿತು. ಒಂದು ಬೆಳಿಗ್ಗೆ ಅವಳು ತಾಯಿಯನ್ನು ನೋಡಿ, ಯಾಕವ್ವಾ ನಿನ್ನ ಕೈಯೆಲ್ಲ ಸುಟ್ಟೈತಿ ಎಂದು ಕೇಳಿದಳು. ಕಣ್ಣು ಮರಳಿತ್ತು. ಶಶಿಕಲಾಳ ಕೈ ಸುಟ್ಟದ್ದು ಖಾನಾವಳಿಯ ಹಂಚಿನಿಂದ. ಮಗಳ ಮಂಚದ ಬಳಿ ಮಹಾಂತೇಶನನ್ನು ಬಿಟ್ಟು ಅವಳು ದಿನಾ ಅಲ್ಲಿಗೆ ಹೋಗಿ ವಾರ್ಡಿನವರಿಗೆಲ್ಲ ರೊಟ್ಟಿ ಬಡಿದು ತರುತ್ತಿದ್ದಳು. ಅಷ್ಟು ರೊಟ್ಟಿ ಒಮ್ಮೆಗೆ ಬಡಿದು ಅವಳಿಗೆ ಅಭ್ಯಾಸವಿರಲಿಲ್ಲ.

ಕಸ್ತೂರಿಯನ್ನು ಮನೆಗೆ ಕಳಿಸದೆ ಗಾಳಿ ಸೋಸುವ ಗಾಜಿನ ಕೋಣೆಯಲ್ಲಿ ಇಟ್ಟಿದ್ದೆವು. ಶಶಿಕಲಾ ಕಳಿಸಿದ ಮೊಸರು ತಿಂದು, ನೀರಾಗೇತಿ, ಹಾಲು ಸರಿಯಾಗಿ ಕಾಸಿಲ್ಲ ಎಂದು ದಿನಾ ಹೇಳಿ ಕಳಿಸುತ್ತಿದ್ದರು. ಒಂದು ದಿನ ಏನೂ ಹೇಳಿ ಕಳಿಸಲಿಲ್ಲ. ನಾನು ಹೋಗಿ ನೋಡಿದರೆ ಗಾಜಿನ ಆಚೆ ಅವರು ಗೋಡೆ ಹಿಡಿದು ನಡೆಯುತ್ತಿದ್ದರು. ಜ್ವರ ಅವರ ಜೊತೆಗೇ ಒಳಗೆ ಬಂದು ಹೊಂಚು ಹಾಕಿತ್ತು. ಖಾನಾವಳಿಯಲ್ಲೇ ತಗುಲಿರಬೇಕು. ನಾವು ಬಳಿದು ತೆಗೆದ ಮೇಲೆ ಅದಕ್ಕೆ ಅಡ್ಡ ಯಾರಿದ್ದರು.

ನೀಲಾ ಇನ್ನೂ ಪೂರ್ತಿ ಚೇತರಿಸಿಕೊಂಡಿರಲಿಲ್ಲ. ಆದರೆ ಅವಳ ರಕ್ತ ಓದಿಸಿದಾಗ ಖಾಲಿ ಪರದೆಯ ಮಧ್ಯೆ ಆ ಒಂದು ಚುಕ್ಕಿ ಕಣ್ಣು ಕುಕ್ಕುವ ಹಾಗೆ ಉರಿಯುತ್ತಿತ್ತು. ಗೆದ್ದ ದಂಡು ಇನ್ನೂ ಚದುರಿರಲಿಲ್ಲ, ಪಾತ್ರೆ ತುಂಬಿತ್ತು. ಬೆಳೆಸುತ್ತ ಕೂರುವ ಅಗತ್ಯವೂ ಇರಲಿಲ್ಲ. ಒಂದು ಚಮಚ ಸಾಕು. ಈ ಸಲ ಇನ್ನೊಂದು ಚಮಚವನ್ನು ಮರೆಯದೆ ಎತ್ತಿಟ್ಟೆ. ನೀಲಾಳನ್ನು ಕೇಳಿದಾಗ ಅವಳು ತೋಳು ಚಾಚಿ, ಅತ್ತೀಗೆ ಸಾಕಾಗ್ತೈತೇನ್ರಿ ಎಂದಳು.

ಕಥೆಯ ತುದಿಗೆ ಇಟ್ಟು ನಿಮ್ಮನ್ನು ಸತಾಯಿಸುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ: ಕಸ್ತೂರಿ ಬದುಕಿದರು. ಖಾನಾವಳಿಯಲ್ಲಿ ಈಗಲೂ ರೊಟ್ಟಿ ಬಡಿಯುತ್ತಾರೆ, ಈಗಲೂ ಬಾಯಿ ಕೊಯ್ಯುವಂಥದ್ದೇ. ನಾನು ಹೇಳಹೊರಟದ್ದು ಅದನ್ನಲ್ಲ, ಹೆಪ್ಪು ಹಾಕುವ ಮುನ್ನದ ಒಂದು ಗಳಿಗೆಯನ್ನು.

ಕಸ್ತೂರಿಯನ್ನು ಮಂಚದ ಮೇಲೆ ಮಲಗಿಸಿ ನಳಿಕೆ ಜೋಡಿಸಿದ್ದೆ. ಶಶಿಕಲಾ ಮುಖಗವಸು, ನಿಲುವಂಗಿ ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದಳು. ಕಸ್ತೂರಿಗೆ ಅವಳು ಬಿಳಿ ನೆರಳಿನ ಹಾಗೆ ಮಾತ್ರ ಕಾಣುತ್ತಿದ್ದಿರಬೇಕು, ಕೈ ಚಾಚಿ ಹುಡುಕಿ ಅವಳ ಬೆರಳು ಹಿಡಿದಿದ್ದರು. ನಿಯಮದಂತೆ ವಿಚಾರಿಸುವ ಯಂತ್ರ ಜೇನಿನ ದನಿ ತೆಗೆಯಿತು.

“ನಿಮ್ಮ ದೇಹಕ್ಕೆ ನೀಡಲಾಗುತ್ತಿರುವ ಕೋಶಗಳು ಸ್ವಂತದವೇ ಅಥವಾ ಬೇರೆಯವರವೇ?”

ಕಸ್ತೂರಿಯ ತುಟಿ ಅಲುಗಿತು. ಬೇರೆಯವರದು ಎಂದೇ ಅವರು ಹೇಳಹೊರಟದ್ದು, ವರ್ಷ ವರ್ಷ ನನ್ನೆದುರು ಹೇಳಿದ ಹಾಗೆ. ಮಾತು ತೊದಲಿತು, ಹೊರಗೆ ಬರಲಿಲ್ಲ. ಯಂತ್ರ ಅದೇ ದನಿಯಲ್ಲಿ ಮತ್ತೊಮ್ಮೆ ಕೇಳಿತು. ಶಶಿಕಲಾ ಬಗ್ಗಿ, ಅತ್ತಿಗೆಯ ಕೈಯನ್ನು ಬಿಡದೆ, ಅದಕ್ಕೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದಳು.

“ಸ್ವಂತದ್ದು. ಸ್ವಂತದ್ದು ಅಂತ ಬರಕೋ.”

ಕಸ್ತೂರಿ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಅವರು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ.

ಯಂತ್ರ ಹಾಗೆಯೇ ಬರೆದುಕೊಂಡಿತು. ಸ್ವಂತದ ಕೋಶಕ್ಕೊಂದು, ಬೇರೆಯವರ ಕೋಶಕ್ಕೊಂದು ಔಷಧಿಯ ಅಳತೆ ಇರುತ್ತದೆ. ಅದನ್ನು ಯಂತ್ರಕ್ಕೆ ಬಿಡದೆ ನಾನೇ ಕೈಯಾರೆ ಸರಿಯಾಗಿ ಹಾಕಿದೆ. ಉತ್ತರದ ತಂಟೆಗೆ ಹೋಗಲಿಲ್ಲ. ಗೊಬ್ಬರದ ದಿನದಿಂದ ಅದು ಬರೆದ ಪ್ರತಿಯೊಂದು ತಪ್ಪನ್ನೂ ತಿದ್ದುತ್ತ ಬಂದವಳು ನಾನು. ಅದೊಂದನ್ನು ತಿದ್ದಿಲ್ಲ.